ದುಡಿಮೆ ಮಗಳದು, ಪ್ರೊಫೈಲ್ ಅಪ್ಪನದು, ಖಾತೆ ಅಮ್ಮನದು: ವಿದೇಶಿ ಕಂಪನಿಗೆ ಕೆಲಸ ಮಾಡುವ ಹದಿಹರೆಯದವರ ಕಾನೂನು ಮತ್ತು ತೆರಿಗೆ

ಪಿಯುಸಿ ಓದುತ್ತಿರುವ ಹುಡುಗಿಯೊಬ್ಬಳು ಅಮೆರಿಕದ ಸಣ್ಣ ಕಂಪನಿಯೊಂದಕ್ಕೆ ವಿಡಿಯೊ ಎಡಿಟ್ ಮಾಡಿಕೊಡುತ್ತಾಳೆ ಎಂದುಕೊಳ್ಳಿ. ತಿಂಗಳಿಗೆ 500 ಡಾಲರ್. ಕೆಲಸ ಅವಳದು. ಪ್ಲಾಟ್‌ಫಾರ್ಮ್‌ನಲ್ಲಿರುವ ಪ್ರೊಫೈಲ್ ಮಾತ್ರ ಅಪ್ಪನ ಹೆಸರಿನದು, ಏಕೆಂದರೆ ಅವಳಿಗಿನ್ನೂ 17. ದುಡ್ಡು ಬಂದು ಬೀಳುವುದು ಅಮ್ಮನ ಉಳಿತಾಯ ಖಾತೆಗೆ, ಏಕೆಂದರೆ ಅಪ್ಪನ ಖಾತೆಗೆ ಬಿದ್ದದ್ದೆಲ್ಲ ಸಾಲದ ಕಂತಿಗೆ ಹೋಗುತ್ತದೆ. ಮನೆಯೊಳಗೆ ಇದರಲ್ಲಿ ಯಾರಿಗೂ ಗೊಂದಲವಿಲ್ಲ. ಹೊರಗಿನಿಂದ ನೋಡಿದರೆ ಪ್ಲಾಟ್‌ಫಾರ್ಮಿಗೆ ಒಬ್ಬರು, ಬ್ಯಾಂಕಿಗೆ ಇನ್ನೊಬ್ಬರು, ಆದಾಯ ತೆರಿಗೆ ಇಲಾಖೆಗೆ ಮತ್ತೊಬ್ಬರು ಕಾಣುತ್ತಾರೆ. ಹದಿನೆಂಟರೊಳಗಿನ ಫ್ರೀಲ್ಯಾನ್ಸರ್‌ಗಳಿಗೆ ತೊಂದರೆ ಬರುವುದು ಸಾಮಾನ್ಯವಾಗಿ ಇಲ್ಲಿಂದಲೇ. ತೆರಿಗೆಯ ಮೊತ್ತ ದೊಡ್ಡದಾಗಿರುವುದು ಅಪರೂಪ. ಹೆಸರುಗಳು ಒಂದಕ್ಕೊಂದು ಹೊಂದದಿರುವುದು ಮಾತ್ರ ತೀರಾ ಸಾಮಾನ್ಯ.

ಕರಾರಿನ ಮಾತು

ಭಾರತದಲ್ಲಿ 18 ತುಂಬದವರು ಮಾಡಿಕೊಂಡ ಕರಾರು ಕಾನೂನಿನ ಕಣ್ಣಿಗೆ ಕರಾರೇ ಅಲ್ಲ. 1872ರ ಕರಾರು ಅಧಿನಿಯಮದ 11ನೇ ಸೆಕ್ಷನ್ ಪ್ರಾಪ್ತ ವಯಸ್ಸನ್ನು ಕೇಳುತ್ತದೆ. ಆ ವಯಸ್ಸು 18 ಎಂದು ಹೇಳುವುದು 1875ರ ಪ್ರಾಪ್ತ ವಯಸ್ಸಿನ ಅಧಿನಿಯಮ. 1903ರಲ್ಲಿ ಮೊಹೊರಿ ಬೀಬಿ ಪ್ರಕರಣದಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಇದನ್ನು ಖಚಿತವಾಗಿ ಹೇಳಿತು: ಅಪ್ರಾಪ್ತ ವಯಸ್ಕರ ಕರಾರು ಮೊದಲಿನಿಂದಲೇ ಶೂನ್ಯ. ಅಂದು ಇದರಿಂದ ನಷ್ಟವಾದದ್ದು ಹುಡುಗನ ಮನೆ ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವನಿಗೆ. ಇಂದು ಅದೇ ನಿಯಮ ಹುಡುಗನಿಗೇ ತಿರುಗಬಹುದು. ಕೆಲಸ ಕೊಡುತ್ತೇನೆಂದ ಕಂಪನಿ ಅರ್ಧದಲ್ಲಿ ಕೈಬಿಟ್ಟರೆ ‘ಆರು ತಿಂಗಳ ಕರಾರಿತ್ತಲ್ಲ’ ಎಂದು ಕೇಳಲು ಕಾಲೂರಲು ನೆಲವಿಲ್ಲ.

ಹಾಗಾದರೆ ಅಪ್ಪ ಸಹಿ ಹಾಕಿದರೆ ಆಯಿತೇ? ಅದೂ ಅಷ್ಟು ಸುಲಭವಲ್ಲ. 1940ರ ದಶಕದ ಕೊನೆಯಲ್ಲಿ ಬಾಂಬೆ ಹೈಕೋರ್ಟಿಗೆ ಬಂದ ರಾಜ್ ರಾಣಿ ಪ್ರಕರಣದಲ್ಲಿ, ಅಪ್ರಾಪ್ತ ವಯಸ್ಸಿನ ನಟಿಯ ಪರವಾಗಿ ಅವಳ ತಂದೆ ಚಿತ್ರ ನಿರ್ಮಾಪಕರೊಂದಿಗೆ ಕರಾರು ಮಾಡಿಕೊಂಡಿದ್ದರು. ಸಂಬಳ ಬರಲಿಲ್ಲ, ದಾವೆ ಹೂಡಿದರು, ಸೋತರು. ಮಗುವಿನ ವೈಯಕ್ತಿಕ ದುಡಿಮೆಯನ್ನು ಪೋಷಕರು ಕರಾರಿನ ಮೂಲಕ ಕಟ್ಟಿಹಾಕಲಾಗದು ಎಂಬುದು ಅಲ್ಲಿನ ತಿರುಳು. ಇನ್ನೊಂದು ಮಗ್ಗುಲೂ ಇದೆ: ಅಪ್ರಾಪ್ತ ವಯಸ್ಕರು ತಮ್ಮ ಪಾಲಿನದನ್ನು ಪೂರ್ತಿ ಕೊಟ್ಟು ಮುಗಿಸಿದ್ದರೆ ಎದುರಿನವರಿಂದ ಬರಬೇಕಾದದ್ದನ್ನು ಕೇಳಬಹುದು ಎಂದು ಮದರಾಸು ಹೈಕೋರ್ಟು 1916ರಲ್ಲೇ, ಅಡಮಾನದ ಒಂದು ಪ್ರಕರಣದಲ್ಲಿ, ಹೇಳಿತ್ತು.

ಇವೆರಡನ್ನು ಒಟ್ಟಿಗೆ ಓದಿದರೆ ವ್ಯವಹಾರಕ್ಕೆ ಸಿಗುವ ಸೂತ್ರ ಸರಳ. ಮುಂದಿನ ಭರವಸೆಗಳಿಗೆ ಬೆಲೆ ಕಡಿಮೆ, ಮುಗಿಸಿ ಒಪ್ಪಿಸಿದ ಕೆಲಸಕ್ಕೆ ಬೆಲೆ ಇದೆ. ಆದ್ದರಿಂದ ಕೆಲಸವನ್ನು ಸಣ್ಣ ತುಂಡುಗಳಾಗಿ ಒಡೆದು, ವಾರಕ್ಕೊಮ್ಮೆ ಅಥವಾ ತುಂಡಿಗೊಮ್ಮೆ ದುಡ್ಡು ಪಡೆಯಬೇಕು. ಪ್ಲಾಟ್‌ಫಾರ್ಮ್ ಮಧ್ಯದಲ್ಲಿ ಹಣ ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ ಇದ್ದರೆ ಅದನ್ನೇ ಬಳಸಬೇಕು. ‘ವಿವಾದ ಬಂದರೆ ಅಮೆರಿಕದ ಡೆಲವೇರ್ ನ್ಯಾಯಾಲಯ’ ಎಂಬ ಸಾಲು ಕರಾರಿನಲ್ಲಿ ಇದ್ದರೇನು, ಇರದಿದ್ದರೇನು, 40 ಸಾವಿರ ರೂಪಾಯಿಗೆ ಹಾಸನದಿಂದ ಯಾರೂ ಅಲ್ಲಿಗೆ ಹೋಗುವುದಿಲ್ಲ.

ಕಂಪನಿಗೂ ಇಲ್ಲಿ ಒಂದು ಅಳುಕಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ನೌಕರರಲ್ಲದ ಫ್ರೀಲ್ಯಾನ್ಸರ್ ಬರೆದ ಕೋಡ್‌ಗೆ ಮೊದಲ ಒಡೆಯ ಅವನೇ. ಹಕ್ಕು ವರ್ಗಾಯಿಸಲು ಸಹಿ ಮಾಡಿದ ಬರಹ ಬೇಕು. ಅಪ್ರಾಪ್ತ ವಯಸ್ಕನ ಸಹಿಗೆ ಬೆಲೆಯಿಲ್ಲದಿದ್ದರೆ ಕೋಡ್ ಯಾರದು? ವಕೀಲರಿರುವ ಕಂಪನಿಗಳು 18ರ ಕೆಳಗಿನವರನ್ನು ತೆಗೆದುಕೊಳ್ಳಲು ಹಿಂಜರಿಯುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಅವರ ಅನುಮಾನ ಹುಡುಗನ ಪ್ರತಿಭೆಯ ಮೇಲಲ್ಲ. ಪೋಷಕರ ಒಪ್ಪಿಗೆ ಪತ್ರ ಮತ್ತು ಹಕ್ಕು ವರ್ಗಾವಣೆಗೆ ಪೋಷಕರ ಸಹಿ ಇಟ್ಟುಕೊಂಡು ಮುಂದುವರಿಯುವ ಕಂಪನಿಗಳೂ ಇವೆ.

ಬಾಲಕಾರ್ಮಿಕ ಕಾನೂನು ಎಲ್ಲಿ ಬರುತ್ತದೆ

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿಯಾಯಿತು. 14ರ ಕೆಳಗಿನವರನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಕುಟುಂಬದ ಸ್ವಂತ ಕಸುಬಿಗೆ ನೆರವಾಗುವುದು, ದೃಶ್ಯ-ಶ್ರವ್ಯ ಮನರಂಜನೆಯಲ್ಲಿ ಕಲಾವಿದರಾಗುವುದು, ಇವೆರಡಕ್ಕೆ ಷರತ್ತಿನ ಮೇಲೆ ವಿನಾಯಿತಿ ಉಂಟು. 14ರಿಂದ 18ರವರೆಗೆ ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳು ನಿಷಿದ್ಧ. ಉಳಿದ ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಸಂಸ್ಥೆಯೊಂದರಲ್ಲಿ ದುಡಿಸಿಕೊಳ್ಳುವಾಗ ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ಕೂರಿಸುವಂತಿಲ್ಲ, ಬಿಡುವೂ ಕಾಯುವ ಹೊತ್ತೂ ಸೇರಿ ದಿನಕ್ಕೆ ಆರು ಗಂಟೆ ಮೀರುವಂತಿಲ್ಲ, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಕೂಡದು.

ಮನೆಯಲ್ಲೇ ಕೂತು ತನ್ನಷ್ಟಕ್ಕೆ ಕೆಲಸ ಹಿಡಿಯುವ ಫ್ರೀಲ್ಯಾನ್ಸರ್‌ಗೆ ಮಾಲೀಕನೇ ಇಲ್ಲ, ಹಾಗಾಗಿ ಈ ಗಂಟೆಗಳ ಲೆಕ್ಕ ನೇರವಾಗಿ ಅನ್ವಯಿಸದು. ಮಧ್ಯದಲ್ಲಿ ಬೆಂಗಳೂರಿನ ಏಜೆನ್ಸಿಯೊಂದು ಬಂದು, ಅಮೆರಿಕದ ಕೆಲಸವನ್ನು 16ರ ಹುಡುಗರಿಗೆ ಹಂಚಿ, ರಾತ್ರಿ ಪಾಳಿಯಲ್ಲಿ ಕೂರಿಸಿದರೆ ಕಥೆ ಬೇರೆ. ಅಲ್ಲಿ ಮಾಲೀಕರಿದ್ದಾರೆ, ಕಾಯ್ದೆಯೂ ಇದೆ. 14ರ ಕೆಳಗಿನವರನ್ನು ಇಟ್ಟುಕೊಂಡರೆ ಆರು ತಿಂಗಳಿಂದ ಎರಡು ವರ್ಷದ ಸೆರೆ, ಅಥವಾ ₹20,000ದಿಂದ ₹50,000ದವರೆಗೆ ದಂಡ, ಅಥವಾ ಎರಡೂ.

ವಯಸ್ಸು ತಿದ್ದಿದರೆ ಏನಾಗುತ್ತದೆ

ಅಪ್‌ವರ್ಕ್, ಪೇಪಾಲ್, ಪಯೋನಿಯರ್ ಮೂರೂ 18 ಕೇಳುತ್ತವೆ. ಫೈವರ್ 13 ದಾಟಿದವರಿಗೆ ಪೋಷಕರ ಒಡೆತನದ ಖಾತೆಯ ಮೂಲಕ ಅವಕಾಶ ಕೊಡುತ್ತದೆ. ಯೂಟ್ಯೂಬ್ ಚಾನೆಲ್ ಮಕ್ಕಳದಿರಬಹುದು, ಆದರೆ ದುಡ್ಡು ಬರುವ ಆಡ್‌ಸೆನ್ಸ್ ಖಾತೆ 18 ದಾಟಿದವರದ್ದೇ ಆಗಬೇಕು. ಅಪ್ಪ ಅಮ್ಮನ ಖಾತೆಯನ್ನು ಜೋಡಿಸುವುದು ಅಧಿಕೃತ ದಾರಿ.

ಹುಟ್ಟಿದ ವರ್ಷ ಎರಡು ಹಿಂದಕ್ಕೆ ಹಾಕಿ ಖಾತೆ ತೆರೆಯುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದು ಮೊದಲ ದಿನ ಕೈ ಕೊಡುವುದಿಲ್ಲ. ಖಾತೆಯಲ್ಲಿ ಒಂದಿಷ್ಟು ದುಡ್ಡು ಕೂಡಿದ ಮೇಲೆ, ಹೊರತೆಗೆಯುವ ಹೊತ್ತಿಗೆ, ಗುರುತಿನ ಚೀಟಿ ಕೇಳಿದಾಗ ಕೈ ಕೊಡುತ್ತದೆ. ಆಧಾರ್‌ನಲ್ಲಿ ಒಂದು ವಯಸ್ಸು, ಪ್ರೊಫೈಲ್‌ನಲ್ಲಿ ಇನ್ನೊಂದು. ಖಾತೆ ಮುಚ್ಚುತ್ತಾರೆ, ದುಡ್ಡು ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ, ಒಳ್ಳೆಯ ರೇಟಿಂಗ್‌ಗಳೆಲ್ಲ ಹೋಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18ರ ಕೆಳಗಿನ ಎಲ್ಲರನ್ನೂ ಮಕ್ಕಳೆಂದೇ ಕರೆಯುತ್ತದೆ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ವಯಸ್ಸಿನ ತಪಾಸಣೆ ಬಿಗಿಯಾಗುವುದೇ ಹೊರತು ಸಡಿಲವಾಗದು.

ಡಾಲರ್ ಊರಿಗೆ ಬರುವ ದಾರಿ

ಪೋಷಕರ ಖಾತೆ ಬಳಸುವುದಾದರೆ ಮೊದಲಿನಿಂದ ಕೊನೆಯವರೆಗೆ ಒಬ್ಬರದ್ದೇ ಬಳಸಿ. ಪೇಪಾಲ್‌ನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಪೇಪಾಲ್ ಹೆಸರು ಮೂರೂ ಒಬ್ಬರದ್ದೇ ಆಗಿರಬೇಕು. ಅಪ್ಪನ ಪೇಪಾಲ್‌ಗೆ ಅಮ್ಮನ ಖಾತೆ ಜೋಡಿಸಿದರೆ ಹಣ ವಾಪಸಾಗುತ್ತದೆ. ಮಕ್ಕಳ ಹೆಸರಿನಲ್ಲೂ ಖಾತೆ ಇರಲಿ. 10 ವರ್ಷ ದಾಟಿದವರು ಉಳಿತಾಯ ಖಾತೆ ತೆರೆದು ಸ್ವತಃ ನಿರ್ವಹಿಸಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ; 2025ರ ಏಪ್ರಿಲ್‌ನಲ್ಲಿ ಆ ಸೂಚನೆಗಳನ್ನು ಹೊಸದಾಗಿ ಹೊರಡಿಸಿತು. ಎಷ್ಟು ಮೊತ್ತದವರೆಗೆ ಎಂಬ ಮಿತಿ ಆಯಾ ಬ್ಯಾಂಕಿನದು. ಅಂಥ ಖಾತೆಗೆ ನೇರವಾಗಿ ಡಾಲರ್ ಬಂದರೆ ಶಾಖೆಯಿಂದ ಫೋನ್ ಬರುವುದು ಬಹುತೇಕ ಖಚಿತ. ಪೋಷಕರ ಖಾತೆಗೆ ಬಂದು, ಅಲ್ಲಿಂದ ಪ್ರತಿ ತಿಂಗಳೂ ಅಷ್ಟೇ ಮೊತ್ತ ಮಗುವಿನ ಖಾತೆಗೆ ಹೋದರೆ ಪಾಸ್‌ಬುಕ್ಕೇ ಸಾಕ್ಷಿ ಹೇಳುತ್ತದೆ.

ವಿದೇಶದಿಂದ ಹಣ ಬಂದಾಗ ಬ್ಯಾಂಕು ಅಥವಾ ಪೇಪಾಲ್ ‘ಉದ್ದೇಶ ಸಂಕೇತ’ ಕೇಳುತ್ತದೆ. ಸಾಫ್ಟ್‌ವೇರ್ ಸಲಹೆ ಮತ್ತು ಅಳವಡಿಕೆಗೆ ಪಿ0802, ಜಾಹೀರಾತಿಗೆ ಸಂಬಂಧಿಸಿದ್ದಕ್ಕೆ ಪಿ1007, ಹೀಗೆ ಪಟ್ಟಿಯಿದೆ. ಹೆಚ್ಚು ಜನ ಎಡವುವುದು ಪಿ1301 ಮತ್ತು ಪಿ1302ರಲ್ಲಿ: ಮೊದಲನೆಯದು ಹೊರದೇಶದಲ್ಲಿರುವ ಮನೆಯವರು ಸಂಸಾರಕ್ಕೆ ಕಳಿಸುವ ಹಣ, ಎರಡನೆಯದು ಉಡುಗೊರೆ. ‘ಮಕ್ಕಳದಲ್ಲವೇ, ಉಡುಗೊರೆ ಅಂತ ಹಾಕಿಬಿಡಿ’ ಎಂದು ಯಾರೋ ಹೇಳುತ್ತಾರೆ, ಹಾಕುತ್ತಾರೆ. ಮುಂದೆ ತೆರಿಗೆಯಲ್ಲಿ ಅದನ್ನು ದುಡಿಮೆ ಎಂದು ತೋರಿಸುವಾಗ ಬ್ಯಾಂಕಿನ ದಾಖಲೆಯೇ ಎದುರು ಸಾಕ್ಷಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ₹50,000 ಮೀರಿ ಬಂದ ಉಡುಗೊರೆ ಪೂರ್ತಿ ತೆರಿಗೆಗೆ ಒಳಪಡುತ್ತದೆ, ಅದರಲ್ಲಿ ಖರ್ಚು ಕಳೆಯಲೂ ಆಗದು.

ಪ್ರತಿ ಪಾವತಿಗೂ ಎಫ್‌ಐಆರ್‌ಎ, ಅಂದರೆ ವಿದೇಶಿ ಹಣ ಬಂದ ತಿಳುವಳಿಕೆ ಪತ್ರ, ಇಳಿಸಿಟ್ಟುಕೊಳ್ಳಿ. ಸೇವೆಯ ರಫ್ತು ಎಂದು ತೋರಿಸಲು ಅದೇ ಆಧಾರ. ಜೊತೆಗೆ ಮಗುವಿನ ಹೆಸರಿರುವ ಬಿಲ್, ಕಂಪನಿಯೊಂದಿಗಿನ ಇಮೇಲ್, ಕರಡು ಫೈಲುಗಳು, ಕೋಡ್ ಬರೆಯುವವರಾದರೆ ಗಿಟ್‌ಹಬ್ ದಾಖಲೆ. ಇವುಗಳ ಬೆಲೆ ತೆರಿಗೆಯ ಭಾಗಕ್ಕೆ ಬಂದಾಗ ಗೊತ್ತಾಗುತ್ತದೆ.

ಯುಎಸ್‌ಡಿಟಿ ರೂಪದಲ್ಲಿ ಕೊಡುತ್ತೇವೆ ಎನ್ನುವ ಕಂಪನಿಗಳಿವೆ. ಡಾಲರ್ ಬೆಲೆಗೆ ಕಟ್ಟಿದ ಆ ಕ್ರಿಪ್ಟೊ ನಾಣ್ಯವನ್ನು ರೂಪಾಯಿ ಮಾಡಲು ಅಪರಿಚಿತರಿಗೆ ನೇರವಾಗಿ ಮಾರುವಾಗ, ಕೊಳ್ಳುವವರ ದುಡ್ಡು ಸೈಬರ್ ವಂಚನೆಯದ್ದಾಗಿದ್ದರೆ ನಿಮ್ಮ ಖಾತೆ ಫ್ರೀಜ್ ಆಗುತ್ತದೆ, ಅದೂ ಬೇರೆ ರಾಜ್ಯದ ಪೊಲೀಸರ ಕೋರಿಕೆಯ ಮೇಲೆ. ತೆರಿಗೆಯೂ ಹಿತವಾಗಿಲ್ಲ: ಬಂದ ದಿನದ ಬೆಲೆ ದುಡಿಮೆಯ ಆದಾಯ, ಆಮೇಲೆ ಮಾರಿದಾಗ ಬಂದ ಲಾಭಕ್ಕೆ ಶೇ. 30, ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. ಇನ್ನು ‘ನಿನ್ನ ಖಾತೆಗೆ ಹಣ ಬರುತ್ತದೆ, ಶೇ. 5 ಇಟ್ಟುಕೊಂಡು ಉಳಿದದ್ದನ್ನು ಮುಂದೆ ಕಳಿಸು’ ಎಂಬುದು ಕೆಲಸವೇ ಅಲ್ಲ. ಅದು ಕಳ್ಳಹಣಕ್ಕೆ ಖಾತೆ ಬಾಡಿಗೆ ಕೊಡುವುದು. ಕೆಲಸ ಸಿಗಲು ಮೊದಲು ಡೆಪಾಸಿಟ್ ಕಟ್ಟು ಎನ್ನುವ ಟೆಲಿಗ್ರಾಂ ‘ಟಾಸ್ಕ್’ಗಳೂ ಹಾಗೆಯೇ. ಸಿಕ್ಕಿಬಿದ್ದಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೆರಿಗೆ: ಯಾರ ತಲೆಗೆ?

ಮಕ್ಕಳ ಆದಾಯವನ್ನು ಅಪ್ಪ ಅಮ್ಮಂದಿರಲ್ಲಿ ಹೆಚ್ಚು ಗಳಿಸುವವರ ಆದಾಯಕ್ಕೆ ಸೇರಿಸಬೇಕು ಎಂಬುದು ಆಡಿಟರ್ ಕಚೇರಿಗಳಲ್ಲಿ ಥಟ್ಟನೆ ಬರುವ ಉತ್ತರ. 1961ರ ಕಾಯ್ದೆಯ 64(1ಎ) ಸೆಕ್ಷನ್ ಹೇಳುವುದೂ ಅದನ್ನೇ. ಆದರೆ ಆ ಸೆಕ್ಷನ್‌ಗೆ ಒಂದು ಬಾಲವಿದೆ: ಮಗು ತನ್ನ ಮೈ ದುಡಿಮೆಯಿಂದ, ಅಥವಾ ತನ್ನ ಕೌಶಲ, ಪ್ರತಿಭೆ, ವಿಶೇಷ ಜ್ಞಾನ ಮತ್ತು ಅನುಭವ ಬಳಸಿದ ಚಟುವಟಿಕೆಯಿಂದ ಗಳಿಸಿದ್ದನ್ನು ಸೇರಿಸುವಂತಿಲ್ಲ. ಅಂಗವೈಕಲ್ಯವಿರುವ ಮಗುವಿನ ಆದಾಯಕ್ಕೂ ಇದೇ ವಿನಾಯಿತಿ. ಎಡಿಟಿಂಗ್, ಕೋಡಿಂಗ್, ಡಿಸೈನ್, ಅನುವಾದ ಎಲ್ಲವೂ ಈ ಬಾಲದೊಳಗೆ ಬರುತ್ತವೆ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ತಿರುಳು ಹಾಗೆಯೇ ಇದೆ. ಜನರ ಬಾಯಲ್ಲಿ ಇನ್ನೂ ಹಳೆಯ ಸಂಖ್ಯೆಗಳೇ ಇರುವುದರಿಂದ ಇಲ್ಲೂ ಅವನ್ನೇ ಬಳಸಿದ್ದೇವೆ.

ಆ ಬಾಲದ ಬೆಲೆ ಎಷ್ಟು ಎಂದು ಲೆಕ್ಕ ಹಾಕೋಣ. ಡಾಲರ್‌ಗೆ ₹90 ಎಂದಿಟ್ಟುಕೊಂಡರೆ ನಮ್ಮ ಎಡಿಟರ್ ಹುಡುಗಿಯ ವರ್ಷದ ಬಿಲ್ಲು 6,000 ಡಾಲರ್, ಅಂದರೆ ₹5,40,000. ಪ್ಲಾಟ್‌ಫಾರ್ಮ್ ಶೇ. 10 ಹಿಡಿದುಕೊಂಡರೆ ₹54,000 ಹೋಯಿತು. ಇಲ್ಲೊಂದು ಮಾತು: ಆದಾಯ ಎಂದು ಬರೆಯಬೇಕಾದದ್ದು ಖಾತೆಗೆ ಬಂದ ಮೊತ್ತವನ್ನಲ್ಲ, ಪೂರ್ತಿ ಬಿಲ್ಲನ್ನು, ಕಮಿಷನ್ ಬರುವುದು ಖರ್ಚಿನ ಸಾಲಿನಲ್ಲಿ. ಸಾಫ್ಟ್‌ವೇರ್ ಚಂದಾ ₹24,000, ಇಂಟರ್ನೆಟ್ ₹8,000. ₹60,000ದ ಲ್ಯಾಪ್‌ಟಾಪ್‌ಗೆ ಶೇ. 40ರಂತೆ ಸವಕಳಿ ₹24,000. ಆ ವರ್ಷವೇ ಕೊಂಡು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಉಳಿದ ಲಾಭ ₹4,30,000.

ಹೊಸ ಪದ್ಧತಿಯಲ್ಲಿ ₹4 ಲಕ್ಷದವರೆಗೆ ತೆರಿಗೆಯಿಲ್ಲ, 4ರಿಂದ 8 ಲಕ್ಷದವರೆಗೆ ಶೇ. 5. ಮೇಲಿನ ₹30,000ಕ್ಕೆ ₹1,500 ಆಯಿತು, ₹12 ಲಕ್ಷದವರೆಗಿನ ಆದಾಯಕ್ಕೆ ಸಿಗುವ 87ಎ ರಿಯಾಯಿತಿಯಲ್ಲಿ ಅದೂ ಹೋಯಿತು. ಕಟ್ಟಬೇಕಾದ ತೆರಿಗೆ ಸೊನ್ನೆ. ಇದೇ ₹4,30,000ವನ್ನು ವರ್ಷಕ್ಕೆ ₹14 ಲಕ್ಷ ಸಂಬಳದ ಅಪ್ಪನ ಆದಾಯಕ್ಕೆ ಸೇರಿಸಿದ್ದರೆ? ₹75,000 ಪ್ರಮಾಣಿತ ಕಡಿತದ ನಂತರ ಅಪ್ಪನದು ₹13,25,000. ಅದರ ಮೇಲೆ 16 ಲಕ್ಷದವರೆಗಿನ ₹2,75,000ಕ್ಕೆ ಶೇ. 15, ಉಳಿದ ₹1,55,000ಕ್ಕೆ ಶೇ. 20, ಮೇಲೆ ಶೇ. 4ರ ಸೆಸ್: ಒಟ್ಟು ₹75,140. ಯಾರ ಹೆಸರು ಎಂಬ ಒಂದೇ ಪ್ರಶ್ನೆಗೆ ಇಷ್ಟು ವ್ಯತ್ಯಾಸ. ತೆರಿಗೆ ಅಧಿಕಾರಿ ‘ಇದು ಮಗಳದು ಎಂದು ಹೇಗೆ ನಂಬುವುದು’ ಎಂದು ಕೇಳುವುದೂ ಇದೇ ಕಾರಣಕ್ಕೆ. ಪ್ರೊಫೈಲ್ ಅಪ್ಪನದು, ಖಾತೆ ಅಮ್ಮನದು ಎಂದಾಗ ಉತ್ತರ ಕೊಡಬೇಕಾದದ್ದು ಆ ಇಮೇಲ್‌ಗಳು, ಕರಡುಗಳು, ತಿಂಗಳ ವರ್ಗಾವಣೆಗಳು.

ತೆರಿಗೆ ಸೊನ್ನೆ ಎಂದಮಾತ್ರಕ್ಕೆ ರಿಟರ್ನ್ ಬೇಡ ಎಂದಲ್ಲ. ಆದಾಯ ₹4 ಲಕ್ಷ ದಾಟಿದ್ದರಿಂದ ಈ ಹುಡುಗಿಯ ಹೆಸರಿನಲ್ಲಿ ರಿಟರ್ನ್ ಹಾಕಲೇಬೇಕು. ‘12 ಲಕ್ಷದವರೆಗೆ ಏನೂ ಇಲ್ಲವಂತೆ’ ಎಂಬ ಮಾತು ತಪ್ಪು ದಾರಿಗೆ ಎಳೆಯುವುದು ಇಲ್ಲೇ.

ರಿಟರ್ನ್‌ಗೆ ಮಗುವಿನದ್ದೇ ಪ್ಯಾನ್ ಬೇಕು. ಅಪ್ರಾಪ್ತ ವಯಸ್ಕರಿಗೂ ಪ್ಯಾನ್ ಸಿಗುತ್ತದೆ. ಅರ್ಜಿಗೆ ಪೋಷಕರು ಸಹಿ ಮಾಡುತ್ತಾರೆ, ಕಾರ್ಡಿನ ಮೇಲೆ ಫೋಟೊ, ಸಹಿ ಇರುವುದಿಲ್ಲ. ತತ್‌ಕ್ಷಣ ಸಿಗುವ ಉಚಿತ ಇ-ಪ್ಯಾನ್ ಮಕ್ಕಳಿಗಿಲ್ಲ, ಮಾಮೂಲಿ ಅರ್ಜಿಯನ್ನೇ ಹಾಕಬೇಕು. ಆಮೇಲೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಪೋಷಕರು ತಮ್ಮ ಲಾಗಿನ್‌ನಿಂದ ಮಗುವಿನ ‘ಪ್ರತಿನಿಧಿ ತೆರಿಗೆದಾರ’ರಾಗಿ ಕೋರಿಕೆ ಸಲ್ಲಿಸಬೇಕು. ಮಗುವಿನ ಪ್ಯಾನ್, ಹುಟ್ಟಿದ ದಿನಾಂಕದ ದಾಖಲೆ, ತಮ್ಮ ಪ್ಯಾನ್ ಜೋಡಿಸಬೇಕು. ಇಲಾಖೆ ಒಪ್ಪಿದ ಮೇಲಷ್ಟೇ ಮಗುವಿನ ಪರವಾಗಿ ಸಲ್ಲಿಸಬಹುದು. ಕೊನೆಯ ವಾರದಲ್ಲಿ ಇದನ್ನು ಆರಂಭಿಸಬೇಡಿ.

ಕೋಡ್ ಬರೆಯುವವರಿಗೆ 44ಎಡಿಎ ಎಂಬ ಸುಲಭ ದಾರಿಯಿದೆ: ಒಟ್ಟು ಬಿಲ್ಲಿನ ಅರ್ಧವನ್ನು ಲಾಭ ಎಂದು ಒಪ್ಪಿಕೊಂಡರೆ ಖರ್ಚಿನ ಪುಸ್ತಕ ಬೇಡ. ವಾರ್ಷಿಕ ₹50 ಲಕ್ಷದವರೆಗೆ, ನಗದು ಶೇ. 5ರೊಳಗಿದ್ದರೆ ₹75 ಲಕ್ಷದವರೆಗೆ ಇದು ಸಿಗುತ್ತದೆ. ಹುಡುಗನೊಬ್ಬ ಆ್ಯಪ್ ಬರೆದು ₹9 ಲಕ್ಷ ಗಳಿಸಿದರೆ ಲಾಭ ₹4,50,000, ತೆರಿಗೆ ಮತ್ತೆ ಸೊನ್ನೆ, ರಿಟರ್ನ್ ಕಡ್ಡಾಯ. ಆದರೆ ಇದು ಕಾನೂನಿನಲ್ಲಿ ಹೆಸರಿಸಿದ ವೃತ್ತಿಗಳಿಗೆ ಮಾತ್ರ. ಎಂಜಿನಿಯರಿಂಗ್, ತಾಂತ್ರಿಕ ಸಲಹೆ, ಮಾಹಿತಿ ತಂತ್ರಜ್ಞಾನ ಪಟ್ಟಿಯಲ್ಲಿವೆ. ವಿಡಿಯೊ ಎಡಿಟಿಂಗ್, ಬರಹ, ಅನುವಾದದ ಹೆಸರು ಅದರಲ್ಲಿಲ್ಲ. ಅಂಥವರು ಮೇಲೆ ಮಾಡಿದಂತೆ ಖರ್ಚು ಕಳೆದು ನಿಜವಾದ ಲಾಭ ತೋರಿಸುವುದೇ ಕ್ಷೇಮ. ಖರ್ಚಿನ ಬಿಲ್ಲುಗಳನ್ನು ಮೊದಲ ತಿಂಗಳಿಂದಲೇ ಕೂಡಿಡಬೇಕು. ವರ್ಷದ ತೆರಿಗೆ ₹10,000 ಮುಟ್ಟುವಂತಿದ್ದರೆ ಮುಂಗಡ ತೆರಿಗೆಯೂ ಬರುತ್ತದೆ. 44ಎಡಿಎ ದಾರಿಯಲ್ಲಿರುವವರು ಅದನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು.

ದುಡಿಮೆಯ ಹಣಕ್ಕೆ ವಿನಾಯಿತಿ ಇದೆ ಸರಿ, ಆ ಹಣ ಹುಟ್ಟಿಸುವ ಹಣಕ್ಕಿಲ್ಲ. ಹುಡುಗಿ ₹3 ಲಕ್ಷವನ್ನು ಎಫ್‌ಡಿ ಇಟ್ಟು ಶೇ. 7ರಂತೆ ₹21,000 ಬಡ್ಡಿ ಬಂದರೆ, ಆ ಬಡ್ಡಿ ಅಪ್ಪ ಅಮ್ಮಂದಿರಲ್ಲಿ ಹೆಚ್ಚು ಆದಾಯದವರ ತಲೆಗೇ. ಅವರು ಶೇ. 30ರ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ ₹6,552. ಹಳೆಯ ಪದ್ಧತಿಯಲ್ಲಿ ಮಗುವಿಗೆ ₹1,500ರ ಪುಟ್ಟ ವಿನಾಯಿತಿಯಿತ್ತು, ಹೊಸ ಪದ್ಧತಿ ಆಯ್ದುಕೊಂಡರೆ ಅದೂ ಇಲ್ಲ. ಷೇರು, ಕ್ರಿಪ್ಟೊ ಲಾಭದ ಗತಿಯೂ ಇದೇ. ಅಪ್ಪ ಅಮ್ಮ ಬೇರೆಯಾಗಿದ್ದರೆ ಆ ವರ್ಷ ಮಗುವನ್ನು ಸಾಕಿದವರ ಆದಾಯಕ್ಕೆ ಸೇರುತ್ತದೆ. ಪಿಪಿಎಫ್ ಬಡ್ಡಿಗೆ ತೆರಿಗೆಯಿಲ್ಲದ್ದರಿಂದ ಅಲ್ಲಿ ಈ ತಲೆನೋವಿಲ್ಲ. ಆದರೆ ಪೋಷಕರದ್ದೂ ಮಗುವಿನದ್ದೂ ಸೇರಿ ವರ್ಷಕ್ಕೆ ₹1.5 ಲಕ್ಷ ಮೀರುವಂತಿಲ್ಲ.

ಕಡಲಾಚೆಯ ತೆರಿಗೆ

ಅಮೆರಿಕದ ಕಂಪನಿ ಡಬ್ಲ್ಯು-8 ಬೆನ್ ಎಂಬ ನಮೂನೆ ಕಳಿಸಿದರೆ ಗಾಬರಿಯಾಗಬೇಕಿಲ್ಲ. ‘ನಾನು ಅಮೆರಿಕದವನಲ್ಲ’ ಎಂಬ ಘೋಷಣೆ ಅದು. ಭಾರತದಲ್ಲಿ ಕೂತು ಮಾಡಿದ ಸೇವೆಯ ಆದಾಯ ಅಮೆರಿಕದ ಮೂಲದ್ದಲ್ಲ, ಆದ್ದರಿಂದ ಅಲ್ಲಿ ತೆರಿಗೆ ಮುರಿದುಕೊಳ್ಳುವುದಿಲ್ಲ. ಯೂಟ್ಯೂಬ್ ಮಾತ್ರ ಬೇರೆ. ಅಮೆರಿಕದ ವೀಕ್ಷಕರಿಂದ ಬಂದ ಗಳಿಕೆಯನ್ನು ಗೂಗಲ್ ರಾಯಧನ ಎಂದು ಎಣಿಸುತ್ತದೆ. ನಮೂನೆ ತುಂಬಿ ಭಾರತ–ಅಮೆರಿಕ ಒಪ್ಪಂದದ ಲಾಭ ಕೇಳಿದರೆ ಆ ಭಾಗಕ್ಕೆ ಶೇ. 15. ಏನೂ ತುಂಬದಿದ್ದರೆ ಇಡೀ ಜಗತ್ತಿನ ಗಳಿಕೆಯ ಮೇಲೆ ಶೇ. 24ರವರೆಗೆ. ಚಾನೆಲ್‌ಗೆ 1,000 ಡಾಲರ್ ಬಂದು ಅದರಲ್ಲಿ 200 ಅಮೆರಿಕದಿಂದ ಬಂದಿದ್ದರೆ, ತುಂಬಿದವರಿಗೆ 30 ಡಾಲರ್ ಕಡಿತ, ತುಂಬದವರಿಗೆ 240. ಆ 30ನ್ನು ಭಾರತದ ತೆರಿಗೆಯಲ್ಲಿ ಸರಿದೂಗಿಸಿಕೊಳ್ಳಬಹುದು, ಇಲ್ಲಿ ತೆರಿಗೆ ಇದ್ದರೆ ಮಾತ್ರ. ಇಲ್ಲಿ ಸೊನ್ನೆಯಾದರೆ ಅಲ್ಲಿ ಹೋದದ್ದು ಹೋಯಿತು. ಆಡ್‌ಸೆನ್ಸ್ ಅಪ್ಪನದಾದರೆ ಕಡಿತದ ಪತ್ರವೂ ಅಪ್ಪನ ಹೆಸರಿಗೇ ಬರುತ್ತದೆ, ಮಗನ ರಿಟರ್ನ್‌ನಲ್ಲಿ ಅದನ್ನು ಕೇಳುವುದು ಕಷ್ಟ.

ಇನ್ನೊಂದು ಗುಂಡಿ ಇದೆ, ಬಿದ್ದ ಮೇಲಷ್ಟೇ ಕಾಣುವಂಥದ್ದು. ವಿದೇಶದಲ್ಲಿ ಯಾವುದೇ ಆಸ್ತಿಯಿದ್ದರೆ ಆದಾಯ ಎಷ್ಟೇ ಕಡಿಮೆಯಿರಲಿ, ನಿವಾಸಿ ಭಾರತೀಯರು ರಿಟರ್ನ್ ಹಾಕಿ ವಿದೇಶಿ ಆಸ್ತಿಯ ಅನುಸೂಚಿ ತುಂಬಬೇಕು. ಭಾರತದ ಪೇಪಾಲ್ ಹಣವನ್ನು ತಾನಾಗಿಯೇ ಬ್ಯಾಂಕಿಗೆ ಕಳಿಸುತ್ತದೆ. ಡಾಲರ್‌ನಲ್ಲೇ ಹಣ ಉಳಿಸಿಡಲು ಬಿಡುವ ವಿದೇಶಿ ವಾಲೆಟ್‌ಗಳು, ಸ್ಟಾರ್ಟಪ್ ಕೊಟ್ಟ ಷೇರುಗಳು ಹಾಗಲ್ಲ. ಇವು ಇದ್ದರೆ ಸುಲಭದ ರಿಟರ್ನ್ ನಮೂನೆಯಾದ ಐಟಿಆರ್-4 ಬಳಸುವಂತಿಲ್ಲ, ಐಟಿಆರ್-3 ಬೇಕು. 2015ರ ಕಪ್ಪುಹಣ ಕಾಯ್ದೆಯಲ್ಲಿ ಮುಚ್ಚಿಟ್ಟದ್ದಕ್ಕೆ ದಂಡ ₹10 ಲಕ್ಷ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ವಿದೇಶಿ ಆಸ್ತಿಯ ಒಟ್ಟು ಬೆಲೆ ₹20 ಲಕ್ಷ ಮೀರದಿದ್ದರೆ ಆ ದಂಡವಿಲ್ಲ. ದಂಡ ಹೋಯಿತೇ ಹೊರತು ತಿಳಿಸುವ ಹೊಣೆ ಹೋಗಿಲ್ಲ. ತಿಂಗಳಿಗೊಮ್ಮೆ ಹಣವನ್ನೆಲ್ಲ ಊರಿಗೆ ತರಿಸಿಕೊಳ್ಳುವುದು ಮೇಲು.

ಜಿಎಸ್‌ಟಿಯ ಬಗ್ಗೆ ಎರಡೇ ಮಾತು. ಸೇವೆಗಳಿಗೆ ವಾರ್ಷಿಕ ವಹಿವಾಟು ₹20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ದಾಟಿದರೆ ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿ ರಫ್ತಿಗೆ ಶೂನ್ಯ ದರದಲ್ಲಿ ಬಿಲ್ ಮಾಡಬಹುದು. ಇಲ್ಲೂ ಹೆಸರಿನ ಪ್ರಶ್ನೆ ಬರುತ್ತದೆ: ಅಪ್ಪನದ್ದೇ ಅಂಗಡಿಯೋ ಸೇವೆಯೋ ಇದ್ದು, ಮಗನ ಬಿಲ್ಲುಗಳೂ ಅಪ್ಪನ ಹೆಸರಿನಲ್ಲಿ ಹೋದರೆ ಎರಡೂ ಒಂದೇ ಪ್ಯಾನ್‌ನ ವಹಿವಾಟಿಗೆ ಸೇರುತ್ತವೆ.

ಪೋಷಕರ ಹೆಸರು ಬಳಸುವ ಮುನ್ನ

ಕರ್ನಾಟಕದಲ್ಲಿ ಇದಕ್ಕೆ ತೆರಿಗೆಯಾಚೆಗೂ ಪರಿಣಾಮಗಳಿವೆ. ಗೃಹಲಕ್ಷ್ಮಿಯ ತಿಂಗಳ ₹2,000 ಪಡೆಯುವ ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೂ ಆಗಿರಬಾರದು. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ ₹1.20 ಲಕ್ಷದ ಮಿತಿ. ಮಗಳ ಡಾಲರ್ ಅಮ್ಮನ ಪ್ಯಾನ್ ಮೇಲೆ ಬಂದು, ಅಮ್ಮನ ಹೆಸರಿನಲ್ಲೇ ತೆರಿಗೆ ಕಟ್ಟಿದರೆ ಗೃಹಲಕ್ಷ್ಮಿಯ ಅರ್ಹತೆ ಹೋಗುತ್ತದೆ. ಬಿಪಿಎಲ್ ವಿಷಯ ಇನ್ನೂ ನೇರ: ಮಗಳ ಹೆಸರಿನಲ್ಲಿ ಬಂದರೂ ಅದು ಕುಟುಂಬದ್ದೇ ಆದಾಯ, ಅದನ್ನು ಮುಚ್ಚಿಡುವ ಹಾಗಿಲ್ಲ. ಅಪ್ಪ ಸರ್ಕಾರಿ ನೌಕರರಾದರೆ ನಡತೆ ನಿಯಮಗಳು ಅನುಮತಿಯಿಲ್ಲದೆ ಖಾಸಗಿ ವ್ಯವಹಾರ ನಡೆಸಬಾರದು ಎನ್ನುತ್ತವೆ. ಫ್ರೀಲ್ಯಾನ್ಸ್ ಪ್ರೊಫೈಲ್ ಅವರ ಹೆಸರಿನಲ್ಲಿದ್ದು, ಪ್ರತಿ ತಿಂಗಳೂ ವಿದೇಶದಿಂದ ಹಣ ಬರುತ್ತಿದ್ದರೆ ಅದು ಅವರದ್ದೇ ವ್ಯವಹಾರದಂತೆ ಕಾಣುತ್ತದೆ. ಅಂಥ ಮನೆಗಳಲ್ಲಿ ಇನ್ನೊಬ್ಬ ಪೋಷಕರ ಹೆಸರು ಬಳಸುವುದು ಜಾಣತನ.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಿಗೂ ಒಂದು ಎಚ್ಚರಿಕೆ. ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಅಲ್ಲಿ ದುಡಿಯುವ ಅನುಮತಿಯಿಲ್ಲ. ಕೆಲಸದ ಪರವಾನಗಿ ಸಿಗುವುದು ಕೆಲವು ಸಂಗಾತಿಗಳಿಗೆ ಮಾತ್ರ. ದುಡ್ಡು ಬೆಂಗಳೂರಿನ ಅಜ್ಜನ ಖಾತೆಗೆ ಬಂದರೂ ಕೆಲಸ ನಡೆದದ್ದು ನ್ಯೂಜೆರ್ಸಿಯ ಮನೆಯಲ್ಲಿ. ಮುಂದೆ ವೀಸಾ, ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಅದು ಎದುರಾಗಬಹುದು.

ಹದಿನೆಂಟು ತುಂಬಿದ ದಿನ

ಮೊದಲು ಪ್ಯಾನ್: ಫೋಟೊ, ಸಹಿ ಸೇರಿಸಲು ತಿದ್ದುಪಡಿ ಅರ್ಜಿ. ಆಮೇಲೆ ಬ್ಯಾಂಕು: ಅಪ್ರಾಪ್ತ ವಯಸ್ಕರ ಖಾತೆಗೆ ಹೊಸದಾಗಿ ಕೆವೈಸಿ ಮಾಡಿ, ಹೊಸ ಸಹಿ ಕೊಡುವವರೆಗೆ ವ್ಯವಹಾರ ತಡೆಹಿಡಿಯುವುದುಂಟು. ಆ ವರ್ಷದ ಎಫ್‌ಡಿ ಬಡ್ಡಿಯನ್ನು ಎರಡಾಗಿ ಒಡೆಯಬೇಕು. ಹುಟ್ಟುಹಬ್ಬದ ಹಿಂದಿನ ದಿನದವರೆಗಿನದು ಪೋಷಕರಿಗೆ, ಅಲ್ಲಿಂದಾಚೆಗಿನದು ತನಗೆ. ಅಪ್ಪನ ಹೆಸರಿನ ಪ್ರೊಫೈಲನ್ನು ಮಗಳ ಹೆಸರಿಗೆ ಬದಲಿಸಲು ಪ್ಲಾಟ್‌ಫಾರ್ಮ್‌ಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಹೊಸದನ್ನೇ ತೆರೆಯಬೇಕು. ರೇಟಿಂಗ್ ಹೋಗುತ್ತದೆ ಎಂದು ಹಳೆಯದರಲ್ಲೇ ಮುಂದುವರಿದರೆ ಹೆಸರಿನ ಗೊಂದಲವೂ ಮುಂದುವರಿಯುತ್ತದೆ. ಹಳೆಯ ಗಿರಾಕಿಗಳಿಂದ ಇಮೇಲ್‌ನಲ್ಲಿ ಎರಡು ಸಾಲಿನ ಶಿಫಾರಸು ಮೊದಲೇ ಬರೆಸಿಟ್ಟುಕೊಂಡರೆ ನಷ್ಟ ಕಡಿಮೆ.

ಕೊನೆಯದಾಗಿ, 17ರಲ್ಲಿ ಮಾಡಿದ ಕರಾರನ್ನು 18 ತುಂಬಿದ ಮೇಲೆ ‘ನನಗೆ ಒಪ್ಪಿಗೆ’ ಎಂದು ಬರೆದುಕೊಟ್ಟು ಜೀವಂತಗೊಳಿಸಲಾಗದು. ಶೂನ್ಯವಾದದ್ದು ಶೂನ್ಯವೇ. ಕಂಪನಿಯೊಂದಿಗೆ ಹೊಸ ದಿನಾಂಕದ, ಹೊಸ ಸಹಿಯ, ದರವನ್ನೂ ಹಕ್ಕು ವರ್ಗಾವಣೆಯನ್ನೂ ಹೊಸದಾಗಿ ಬರೆದ ಕರಾರು ಬೇಕು. ದರ ಹೆಚ್ಚಿಸಿ ಎಂದು ಕೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಸಿಗದು.